ಏರಿಯೂ ಹೆದ್ದಾರಿಯೂ: ನುಂಗಂಬಾಕ್ಕಂ ನೆಲೆಯಿಂದ ಒಂದು ನಗರಕಲ್ಪನೆಯ ವಿಮರ್ಶೆ

೧

ನಗರವು ಮೊದಲು ಹುಟ್ಟಿ ದಾರಿಯು ಅದನ್ನು ಹಿಂಬಾಲಿಸುತ್ತದೆಯೆಂಬುದು ರೂಢಿಯ ತಿಳಿವಳಿಕೆ. ಮನೆ, ಗುಡಿ, ಅಂಗಡಿ, ಕಚೇರಿಗಳು ನೆಲೆನಿಂತ ಮೇಲೆ ಅವನ್ನು ಕೂಡಿಸುವ ಸಲುವಾಗಿ ಬೀದಿಗಳು ಏರ್ಪಡುತ್ತವೆ. ಆದರೆ ಕಳೆದ ಸುಮಾರು ಒಂದೂವರೆ ಶತಮಾನದಲ್ಲಿ ಕೆಲವು ವಾಸ್ತುಶಿಲ್ಪಿಗಳೂ ಯೋಜಕರೂ ಈ ಕ್ರಮವನ್ನು ತಿರುವುಮುರುವು ಮಾಡಿ ನೋಡಿದ್ದಾರೆ. ಅವರ ಮತದಲ್ಲಿ ದಾರಿಯೇ ನಗರದ ಬೀಜ. ದಾರಿಯ ಒಡಲಲ್ಲಿ ಮನೆ, ಅದರ ನೆತ್ತಿಯ ಮೇಲೆ ತೋಟ, ಅದರ ಅಡಿಯಲ್ಲಿ ನೀರಿನ ಕೊಳವೆ ಮತ್ತು ರೈಲು. ಹೀಗೆ ಒಂದೇ ನೀಳವಾದ ಕಟ್ಟಡದಲ್ಲಿ ನಗರದ ಸಕಲ ವ್ಯವಹಾರವನ್ನೂ ಅಡಕಮಾಡಬಹುದೆಂದು ಅವರು ಊಹಿಸಿದರು.

ಇಂಥ ಊಹೆಗಳಲ್ಲಿ ಬಹುಪಾಲು ಕಾಗದದ ಮೇಲೆಯೇ ಉಳಿದುವೆಂಬುದು ನಿಜ. ಆದರೂ ಅವನ್ನು ಕೇವಲ ಚಿತ್ರವಿಲಾಸವೆಂದು ಕೈಬಿಡಲಾಗದು. ಕಾಗದದ ಗೆರೆಯು ಕಾಲಾಂತರದಲ್ಲಿ ಇಲಾಖೆಯ ಕಡತವನ್ನು ಸೇರಿ, ಅಂದಾಜುಪಟ್ಟಿಯಾಗಿ, ಕೊನೆಗೆ ಕಂಬವಾಗಿ ನೆಲಕ್ಕಿಳಿಯುತ್ತದೆ. ಇಳಿಯುವಾಗ ಅದರಲ್ಲಿದ್ದ ಮನೆ, ತೋಟಗಳು ಕಳಚಿಹೋಗಿ ಗಾಡಿಯ ಹಾದಿಯೊಂದೇ ಉಳಿಯುವುದು ಅನೇಕ ನಗರಗಳ ಅನುಭವ. ಆದುದರಿಂದ ಈ ಕಲ್ಪನೆಗಳನ್ನು ಅವು ಹುಟ್ಟಿದ ದೇಶದ ನೆಲೆಯಿಂದಲ್ಲದೆ, ಅವು ಬಂದಿಳಿಯುವ ಒಂದು ನಿರ್ದಿಷ್ಟ ಊರಿನ ನೆಲೆಯಿಂದ ಪರಿಶೀಲಿಸುವುದು ಉಚಿತ. ಅದಕ್ಕೆ ಚೆನ್ನೈನ ನುಂಗಂಬಾಕ್ಕಂ ತಕ್ಕ ನಿದರ್ಶನ. ಕೆರೆ, ಹೊಳೆ, ಹೆದ್ದಾರಿ, ಮೇಲ್ಸೇತುವೆ, ನೆಲದಡಿಯ ರೈಲು ಇವೆಲ್ಲವೂ ಕೆಲವೇ ಫರ್ಲಾಂಗುಗಳ ಅಂತರದಲ್ಲಿ ಒಂದರ ಕಥೆಯನ್ನು ಮತ್ತೊಂದು ಹೇಳುವಂತೆ ಅಲ್ಲಿ ಕೂಡಿವೆ.

೨

ಮೊದಲು ಕಲ್ಪನೆಯ ವಂಶಾವಳಿಯನ್ನು ಸಂಗ್ರಹವಾಗಿ ನೋಡಬೇಕು. ೧೮೮೨ರಲ್ಲಿ ಸ್ಪೇನಿನ ಆರ್ತುರೊ ಸೊರಿಯಾ ಎಂಬಾತನು ‘ರೇಖಾನಗರ’ದ ವಿಚಾರವನ್ನು ಮುಂದಿಟ್ಟನು. ಒಂದು ಟ್ರಾಮಿನ ಹಾದಿ, ಅದರ ಎರಡೂ ಮಗ್ಗುಲಲ್ಲಿ ತೋಟವುಳ್ಳ ಮನೆಗಳು, ಅವುಗಳಾಚೆ ಹೊಲ. ಇಷ್ಟೇ ಆ ನಗರದ ರೂಪ. ಮ್ಯಾಡ್ರಿಡ್ಡಿನ ಹೊರವಲಯದಲ್ಲಿ ಅದರ ಒಂದು ತುಣುಕು ಕಟ್ಟಲ್ಪಟ್ಟಿತು ಕೂಡ. ೧೯೧೦ರಲ್ಲಿ ಅಮೆರಿಕೆಯ ಎಡ್ಗರ್ ಚೇಂಬ್ಲೆಸ್ ಇನ್ನೂ ಮುಂದೆ ಹೋಗಿ, ಗಗನಚುಂಬಿ ಕಟ್ಟಡವನ್ನು ನೆಲದ ಮೇಲೆ ಮಲಗಿಸಿ ಹಳ್ಳಿಗಾಡಿನ ಉದ್ದಕ್ಕೂ ಎಳೆದರೆ ಏನಾದೀತೆಂದು ಕೇಳಿದನು. ಅವನ ‘ರೋಡ್‌ಟೌನ್’ನಲ್ಲಿ ನೆಲದಡಿ ರೈಲು, ಅದರ ಮೇಲೆ ಮನೆಗಳು, ಮಾಳಿಗೆಯ ಮೇಲೆ ನಡೆದಾಡುವ ಹಾದಿ. ಚೇಂಬ್ಲೆಸ್ ವೃತ್ತಿಯಿಂದ ವಾಸ್ತುಶಿಲ್ಪಿಯಲ್ಲ. ಹೊಸ ಯಂತ್ರಗಳ ಹಕ್ಕುಪತ್ರಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವನು. ಮಾಳಿಗೆಯ ಹಾದಿಯನ್ನು ಅವನು ಕಾಲ್ನಡೆಯವರಿಗೆ ಬಿಟ್ಟುಕೊಟ್ಟನೆಂಬುದು ಗಮನಾರ್ಹ. ಅವನ ಬಳಿಕ ಬಂದವರು ಆ ಹಾದಿಯನ್ನು ಮೋಟಾರಿಗೆ ಕೊಟ್ಟರು.

ಬಳಿಕ ಬಂದವರಲ್ಲಿ ಪ್ರಮುಖನು ಲ ಕಾರ್ಬೂಸಿಯೆ. ೧೯೫೧ರಲ್ಲಿ ಚಂಡೀಗಢದ ಯೋಜನೆಯನ್ನು ಕೈಗೊಂಡು ಭಾರತೀಯರಿಗೆ ಪರಿಚಿತನಾಗುವುದಕ್ಕೆ ಎರಡು ದಶಕಗಳ ಮೊದಲೇ, ೧೯೩೦ರ ದಶಕದ ಆರಂಭದಲ್ಲಿ, ಆತನು ಆಲ್ಜಿಯರ್ಸ್ ನಗರಕ್ಕೆ ‘ಓಬ್ಯೂ’ ಎಂಬ ನಕ್ಷೆಯನ್ನು ಸಿದ್ಧಪಡಿಸಿದನು. ಕಡಲ ತೀರವನ್ನನುಸರಿಸಿ ಬಾಗಿಬಳುಕುವ ಎತ್ತರದ ಹೆದ್ದಾರಿ; ಅದರ ಅಡಿಯಲ್ಲಿ ಅಂತಸ್ತುಗಳ ಮೇಲೆ ಅಂತಸ್ತಾಗಿ ೧,೮೦,೦೦೦ ಮಂದಿಗೆ ವಾಸ. ಅಂತಸ್ತುಗಳನ್ನು ಬರಿದಾದ ನಿವೇಶನಗಳಂತೆ ಒದಗಿಸಿ, ಅಲ್ಲಿ ಬಂದವರು ತಂತಮ್ಮ ಅಭಿರುಚಿಗೆ ಒಪ್ಪುವಂತೆ ಮನೆ ಕಟ್ಟಿಕೊಳ್ಳಲಿ ಎಂಬುದು ಆತನ ಉದ್ದೇಶ. ಈ ಒಂದು ಅಂಶವು ನಿಜಕ್ಕೂ ಉದಾರವಾದುದು. ಆದರೆ ಆ ನಕ್ಷೆಯಲ್ಲಿ ಆಲ್ಜಿಯರ್ಸಿನ ಹಳೆಯ ಊರಾದ ಕಾಸ್ಬಾದ ನೆತ್ತಿಯ ಮೇಲೆಯೇ ಸೇತುವೆಯೊಂದು ಹಾಯ್ದುಹೋಗುತ್ತದೆ. ಕೆಳಗಿನವರ ಒಪ್ಪಿಗೆಯ ಪ್ರಶ್ನೆಯು ಅಲ್ಲಿ ಏಳುವುದೇ ಇಲ್ಲ. ಪರದೇಶದ ಆಡಳಿತದಲ್ಲಿದ್ದ ನಗರಕ್ಕೆ ಹಾಕಿದ ನಕ್ಷೆಯೆಂಬುದನ್ನು ಇಲ್ಲಿ ಮರೆಯಬಾರದು. ಯೋಜನೆಯು ಕೊನೆಗೂ ಅಂಗೀಕೃತವಾಗಲಿಲ್ಲ.

೧೯೬೦ರಲ್ಲಿ ಜಪಾನಿನ ಕೆಂಜೊ ತಾಂಗೆ ಟೋಕಿಯೋ ಕೊಲ್ಲಿಯ ನೀರಿನ ಮೇಲೆಯೇ ಹೆದ್ದಾರಿಗಳ ಬೆನ್ನೆಲುಬುಳ್ಳ ನಗರವನ್ನು ಚಿತ್ರಿಸಿದನು. ೧೯೬೭ರಿಂದ ಪಾಲ್ ರುಡಾಲ್ಫ್ ನ್ಯೂಯಾರ್ಕಿನ ಕೆಳ ಮ್ಯಾನ್‌ಹ್ಯಾಟನ್ ಹೆದ್ದಾರಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವಸತಿಗಳನ್ನು ಊಹಿಸಿದನು. ಆ ಹೆದ್ದಾರಿಯು ರಾಬರ್ಟ್ ಮೋಸೆಸನ ಹಂಬಲ. ಅದನ್ನು ಎದುರಿಸಿದವರಲ್ಲಿ ಜೇನ್ ಜೇಕಬ್ಸ್ ಅಗ್ರಗಣ್ಯಳು. ೧೯೬೯ರಲ್ಲಿ ಹೆದ್ದಾರಿಯ ಯೋಜನೆಯೇ ಬಿದ್ದುಹೋಯಿತು. ರುಡಾಲ್ಫನ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಅವು ಹೆದ್ದಾರಿ ಬೇಕೇ ಎಂದು ಕೇಳದೆ, ಹೆದ್ದಾರಿಯನ್ನು ಹೇಗೆ ಸಹ್ಯವಾಗಿಸಬಹುದೆಂದಷ್ಟೇ ಕೇಳುತ್ತವೆ. ಈ ಸಂಪ್ರದಾಯದ ಬಲವೂ ದೌರ್ಬಲ್ಯವೂ ಈ ಒಂದು ಮಾತಿನಲ್ಲಿ ಅಡಗಿವೆ.

೩

ಈಗ ನುಂಗಂಬಾಕ್ಕಮಿಗೆ ಬರಬಹುದು. ಇದು ೧೭೦೮ರಲ್ಲಿ ನವಾಬನಿಂದ ಈಸ್ಟ್ ಇಂಡಿಯಾ ಕಂಪನಿಗೆ ದೊರೆತ ಐದು ಹಳ್ಳಿಗಳಲ್ಲಿ ಒಂದು. ಇದರ ಮಗ್ಗುಲಲ್ಲಿ, ಮೌಂಟ್ ರೋಡಿನ ಪಡುವಣಕ್ಕೆ, ಒಂದು ಕಾಲದಲ್ಲಿ ಉದ್ದನೆಯ ಕೆರೆಯೊಂದು ಹಬ್ಬಿತ್ತು. ಇಂಗ್ಲಿಷರು ಅದನ್ನು ಲಾಂಗ್ ಟ್ಯಾಂಕ್ ಎಂದೇ ಕರೆದರು. ೧೯೨೦ರ ದಶಕದಲ್ಲಿ ನಗರದ ವಿಸ್ತರಣೆಗಾಗಿ ಆ ಕೆರೆಯ ನೀರನ್ನು ಹೊರಡಿಸಿ ತ್ಯಾಗರಾಯನಗರವನ್ನು ನಿರ್ಮಿಸಲಾಯಿತು. ನುಂಗಂಬಾಕ್ಕಂ ಕಡೆಯಲ್ಲಿ ಉಳಿದಿದ್ದ ಕೆರೆಯಂಗಳವೂ ಅನಂತರ ಬಡಾವಣೆಯಾಯಿತು. ೧೯೭೬ರಲ್ಲಿ ತೆರೆದ ವಳ್ಳುವರ್ ಕೋಟ್ಟಂ ನಿಂತಿರುವುದು ಆ ಅಂಗಳದ ನೆಲದ ಮೇಲೆಯೇ. ಇಂದು ಕೆರೆಯಿಲ್ಲ, ‘ಟ್ಯಾಂಕ್ ಬಂಡ್ ರೋಡ್’ ಎಂಬ ಬೀದಿಯ ಹೆಸರು ಉಳಿದಿದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಕೆಂಪೇಗೌಡ ಬಸ್ ನಿಲ್ದಾಣವಾದ ವೃತ್ತಾಂತವನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ.

ಮೌಂಟ್ ರೋಡ್ ಅಣ್ಣಾ ಸಾಲೈ ಆಯಿತು. ಅದು ನುಂಗಂಬಾಕ್ಕಂ ಹೈರೋಡನ್ನು ಸಂಧಿಸುವೆಡೆಯಲ್ಲಿ, ಎಸ್. ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋದ ನೆರೆಯಲ್ಲಿ, ೧೯೭೩ರಲ್ಲಿ ನಗರದ ಮೊದಲನೆಯ ಮೇಲ್ಸೇತುವೆ ತೆರೆಯಿತು. ಸರಕಾರಿ ಹೆಸರು ಅಣ್ಣಾ ಮೇಲ್ಸೇತುವೆ. ಜನರ ಬಾಯಲ್ಲಿ ಅದು ಜೆಮಿನಿಯೇ. ಸ್ಟುಡಿಯೋ ಮರೆಯಾದರೂ ಹೆಸರು ಸೇತುವೆಯನ್ನು ಬಿಡಲಿಲ್ಲ. ಅದರ ಇಕ್ಕೆಲದಲ್ಲಿ ಕುದುರೆಯನ್ನು ತಡೆದು ನಿಲ್ಲಿಸುವ ಮನುಷ್ಯನ ಪ್ರತಿಮೆಗಳಿವೆ. ಅವು ರಾಜ್ಯದಲ್ಲಿ ಕುದುರೆಜೂಜನ್ನು ನಿಷೇಧಿಸಿದುದರ ಸ್ಮಾರಕ. ವೇಗಕ್ಕೆಂದೇ ಕಟ್ಟಿದ ಸೇತುವೆಯ ಬಾಗಿಲಲ್ಲಿ ವೇಗಕ್ಕೆ ಕಡಿವಾಣ ಹಾಕುವ ಪ್ರತಿಮೆ ಇರುವುದು ಆಕಸ್ಮಿಕವಿದ್ದೀತು. ಆದರೆ ಅದು ಅರ್ಥವಿಲ್ಲದ ಆಕಸ್ಮಿಕವಲ್ಲ.

ಇದೇ ಸಂಧಿಯ ಸಮೀಪದಲ್ಲಿ, ಕೆಥೀಡ್ರಲ್ ರೋಡಿನಲ್ಲಿ, ದಕ್ಷಿಣ ಕನ್ನಡದಿಂದ ಬಂದ ಕೆ. ಕೃಷ್ಣರಾಯರು ೧೯೬೨ರಲ್ಲಿ ಉಡ್‌ಲ್ಯಾಂಡ್ಸ್ ಡ್ರೈವ್-ಇನ್ ಉಪಾಹಾರಗೃಹವನ್ನು ತೆರೆದರು. ಅದರ ಮೂಲ ಕಲ್ಪನೆ ಅಮೆರಿಕೆಯದು: ಕಾರಿನಿಂದ ಇಳಿಯದೆ ಊಟ ಮಾಡುವುದು. ಆದರೆ ಮದರಾಸಿನವರು ಅದನ್ನು ಬೇರೊಂದಾಗಿ ಮಾರ್ಪಡಿಸಿದರು. ಕಾರಿಲ್ಲದವರೂ ಮರಗಳ ನೆರಳಿಗೆ ಬಂದು ಕುಳಿತರು. ವಿದ್ಯಾರ್ಥಿ, ಲೇಖಕ, ಚಿತ್ರರಂಗದವನು, ಗುಮಾಸ್ತ ಎಲ್ಲರೂ ಒಂದು ಲೋಟ ಕಾಫಿಯ ಮುಂದೆ ಗಂಟೆಗಟ್ಟಲೆ ಮಾತಾಡಿದರು. ಮೋಟಾರಿಗಾಗಿ ಉದ್ದೇಶಿಸಿದ ಸ್ಥಳವೊಂದು ಮನುಷ್ಯರ ಸಭೆಯಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನಗರದಲ್ಲಿ ಸಿಗಲಾರದು. ಇದಕ್ಕೆ ಯಾವ ನಕ್ಷೆಯೂ ಇರಲಿಲ್ಲ. ನೆರಳು, ಅಗ್ಗದ ತಿಂಡಿ, ಎಬ್ಬಿಸಿ ಕಳುಹಿಸದ ಸೌಜನ್ಯ ಇವೇ ಅದರ ಸಾಧನಗಳು. ೨೦೦೮ರಲ್ಲಿ ಅದು ಮುಚ್ಚಿತು. ೨೦೧೦ರಲ್ಲಿ ಆ ನೆಲದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ತೆರೆಯಿತು. ಉದ್ಯಾನವು ಸುಂದರವಾದುದೇ, ಆದರೆ ಕಾಫಿಯ ಸುತ್ತಲಿನ ಆ ಸಭೆಯು ಮರಳಲಿಲ್ಲ.

೪

ಪಡುವಣದಿಂದ ಚೆನ್ನೈಗೆ ಬರುವ ಕನ್ನಡಿಗನು ಬಹುಕಾಲದಿಂದ ಬಳಸುತ್ತಿರುವ ದಾರಿಯೆಂದರೆ ಬೆಂಗಳೂರಿನಿಂದ ಪೂನಮಲ್ಲಿ, ಮದುರವಾಯಲ್ ಮಾರ್ಗವಾಗಿ ಬರುವ ಹೆದ್ದಾರಿ. ಅದನ್ನು ಬಂದರಿಗೆ ಮುಟ್ಟಿಸುವ ಸಲುವಾಗಿ ಕೂವಂ ಹೊಳೆಯನ್ನನುಸರಿಸಿ ಎತ್ತರದ ರಸ್ತೆಯೊಂದನ್ನು ಕಟ್ಟಲು ೨೦೦೯ರಲ್ಲಿ ಶಂಕುಸ್ಥಾಪನೆಯಾಯಿತು. ಹೊಳೆಯ ಪಾತ್ರದಲ್ಲಿ ಕಂಬಗಳನ್ನು ನಿಲ್ಲಿಸಿದರೆ ಪ್ರವಾಹಕ್ಕೆ ಅಡ್ಡಿಯಾಗುತ್ತದೆಂಬ ಕಾರಣದಿಂದ ೨೦೧೨ರಲ್ಲಿ ರಾಜ್ಯ ಸರಕಾರವು ಕೆಲಸವನ್ನು ತಡೆಯಿತು. ಅರ್ಧಕ್ಕೆ ನಿಂತ ಕಂಬಗಳು ವರ್ಷಾನುಗಟ್ಟಲೆ ಹೊಳೆಯಲ್ಲಿ ನಿಂತಿದ್ದುವು. ಹಂಪೆಯಲ್ಲಿ ಉಳಿದಿರುವುದು ನಡೆದುಹೋದ ಕಾಲದ ಪಾಳು. ಕೂವಂ ಹೊಳೆಯಲ್ಲಿ ಉಳಿದುದು ಬಾರದ ಕಾಲದ ಪಾಳು.

ಯೋಜನೆಯು ರೂಪಾಂತರಗೊಂಡು ೨೦೨೨ರ ಮೇ ತಿಂಗಳಲ್ಲಿ ಮರಳಿ ಅಡಿಗಲ್ಲನ್ನು ಪಡೆಯಿತು. ಈಗ ಅದು ಸುಮಾರು ೨೧ ಕಿಲೋಮೀಟರ್ ಉದ್ದದ ಎರಡಂತಸ್ತಿನ ರಸ್ತೆ: ಕೆಳಗಣ ಅಂತಸ್ತು ಊರಿನ ವಾಹನಗಳಿಗೆ, ಮೇಲಣದು ಬಂದರಿನ ಲಾರಿಗಳಿಗೆ, ಅಂದಾಜು ವೆಚ್ಚ ೫,೮೫೦ ಕೋಟಿ ರೂಪಾಯಿಗಳಿಗೆ ಮೇಲೆ. ಬೆಂಗಳೂರಿನಲ್ಲಿಯೂ ೨೦೨೪ರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಮೆಟ್ರೋ ಹಳಿಯ ಕೆಳಗೆ ರಸ್ತೆಯನ್ನು ತೂಗುಹಾಕಿದ ಎರಡಂತಸ್ತಿನ ಸೇತುವೆ ತೆರೆದಿದೆ. ಹೀಗೆ ಆಲ್ಜಿಯರ್ಸಿನ ನಕ್ಷೆಯ ಅಂತಸ್ತುಗಳು ದಕ್ಷಿಣ ಭಾರತಕ್ಕೆ ಬಂದಿವೆ. ಆದರೆ ಮನೆಗಳಿರಬೇಕಾದ ಅಂತಸ್ತಿನಲ್ಲಿಯೂ ಗಾಡಿಗಳೇ ತುಂಬಿವೆ.

ಇದಕ್ಕೂ ಹಿಂದಿನ ಪಾಠವೊಂದು ನಗರದ ಕಣ್ಣಮುಂದೆಯೇ ಇದೆ. ಬೀಚ್ ನಿಲ್ದಾಣದಿಂದ ತಿರುಮಯಿಲೈವರೆಗೆ ೧೯೯೭ರಲ್ಲಿಯೂ ಅಲ್ಲಿಂದ ವೇಳಚ್ಚೇರಿಯವರೆಗೆ ೨೦೦೭ರಲ್ಲಿಯೂ ತೆರೆದ ಎತ್ತರದ ರೈಲುಮಾರ್ಗವು ಬಹುದೂರ ಬಕಿಂಗ್‌ಹ್ಯಾಂ ಕಾಲುವೆಯ ಮೇಲೆಯೇ ಹಾಯುತ್ತದೆ. ಕಾಲುವೆಯು ಸರಕಾರದ ನೆಲ, ಭೂಸ್ವಾಧೀನದ ಖರ್ಚಿಲ್ಲ. ಲೆಕ್ಕಪುಸ್ತಕದಲ್ಲಿ ಅದು ಉಳಿತಾಯ. ಆದರೆ ಕಂಬಗಳಿಂದ ಇಕ್ಕಟ್ಟಾದ ಕಾಲುವೆಯು ಮಳೆಗಾಲದಲ್ಲಿ ಹೊರದಬ್ಬುವ ನೀರಿನ ಬೆಲೆಯನ್ನು ಆ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ಅದು ದಡದ ಮನೆಗಳ ಖಾತೆಗೆ ಬೀಳುತ್ತದೆ. ಹೊಳೆಯ ದಡದಲ್ಲಿದ್ದ ಕುಟುಂಬಗಳ ಸಂಗತಿಯೂ ಇಂಥದೇ. ಕೂವಂ ದಡದಿಂದ ಎಬ್ಬಿಸಲ್ಪಟ್ಟ ಅನೇಕರು ನಗರದ ತೆಂಕಣಂಚಿನ ಪೆರುಂಬಾಕ್ಕಮಿನಂಥ ದೂರದ ವಸತಿಗಳಿಗೆ ಹೋಗಬೇಕಾಯಿತು. ಹೊಸ ಸೌಧವು ಅವರಿಗೆ ಸೂರನ್ನು ಕೊಟ್ಟಿತು. ಕೆಲಸಕ್ಕೆ ನಡೆದುಹೋಗುವ ಅಂತರವನ್ನು ಕಸಿದುಕೊಂಡಿತು. ರಸ್ತೆಯೇ ನಗರವೆಂಬ ಕಲ್ಪನೆಯು ರಸ್ತೆಯ ಬದಿಯಲ್ಲಿ ಬದುಕುವವರನ್ನೇ ನಗರದ ಹೊರಗಿಡುವುದಾದರೆ ಅದರ ಹೆಸರು ಸಾರ್ಥಕವಾದೀತೇ?

೫

ಈಚಿನ ಕಾಲದಲ್ಲಿ ಇದೇ ಸಂಪ್ರದಾಯದ ವಿಲೋಮ ಕವಲೊಂದು ಬೆಳೆದಿದೆ. ಇದು ಹೊಸ ಹೆದ್ದಾರಿಯನ್ನು ಕಲ್ಪಿಸದೆ ಹಳೆಯ ಹೆದ್ದಾರಿಯನ್ನು ಬೇರೊಂದಾಗಿ ಕಾಣುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರವು ಚಂಗ್ಯೆಚನ್ ಹೊಳೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು ೨೦೦೩ರಿಂದ ಕೆಡವಿ, ೨೦೦೫ರಲ್ಲಿ ೫.೮ ಕಿಲೋಮೀಟರ್ ಉದ್ದದ ಹೊಳೆಯನ್ನು ಬೆಳಕಿಗೆ ತಂದಿತು. ಅದೇ ನಗರದಲ್ಲಿ ೧೯೭೦ರ ಮೇಲ್ಸೇತುವೆಯೊಂದು ೨೦೧೭ರಲ್ಲಿ ಗಿಡಮರಗಳ ಕಾಲುಹಾದಿಯಾಯಿತು. ಇವನ್ನು ಹೊಗಳುವವರು ಹಲವರು. ಆದರೆ ಚಂಗ್ಯೆಚನ್‌ನಲ್ಲಿ ಹರಿಯುವ ನೀರಿನ ಬಹುಭಾಗವು ಹಾನ್ ನದಿಯಿಂದ ಯಂತ್ರದ ಮೂಲಕ ಎತ್ತಿ ತಂದದ್ದೆಂಬುದನ್ನೂ, ಅಲ್ಲಿದ್ದ ಬೀದಿ ವ್ಯಾಪಾರಿಗಳು ಸ್ಥಳಾಂತರಗೊಳ್ಳಬೇಕಾಯಿತೆಂಬುದನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಹೊಳೆಯು ಅಲ್ಲಿ ಮರಳಿ ಬಂದಿತೆನ್ನುವುದಕ್ಕಿಂತ ಹೊಳೆಯ ನೆನಪು ಮರಳಿತೆನ್ನುವುದು ಹೆಚ್ಚು ನಿಜ.

ಟೋಕಿಯೋದ ಗಿಂಜಾ ಭಾಗದ ಉದಾಹರಣೆಯು ಬೇರೊಂದು ದೃಷ್ಟಿಯಿಂದ ಬೋಧಪ್ರದ. ೧೯೫೧ರಲ್ಲಿ ಸ್ಥಾಪಿತವಾದ ಖಾಸಗಿ ಕಂಪನಿಯೊಂದು ಅಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದದ ಎತ್ತರದ ರಸ್ತೆಯನ್ನು ಕಟ್ಟಿತು. ರಸ್ತೆಗೆ ಸುಂಕವಿಲ್ಲ, ಅದರ ಅಡಿಯ ಅಂಗಡಿಗಳ ಬಾಡಿಗೆಯಿಂದಲೇ ಅದರ ಪಾಲನೆ. ಲ ಕಾರ್ಬೂಸಿಯೆ ಕಾಗದದ ಮೇಲೆ ಹೇಳಿದ ಅರ್ಥಶಾಸ್ತ್ರವನ್ನು ಈ ಕಂಪನಿಯು ದಶಕಗಟ್ಟಲೆ ನಡೆಸಿ ತೋರಿಸಿತು. ೨೦೨೫ರ ಏಪ್ರಿಲಿನಲ್ಲಿ ಆ ರಸ್ತೆಯು ವಾಹನಗಳಿಗೆ ಮುಚ್ಚಿ, ಕಾಲ್ನಡೆಯವರ ಹಾದಿಯಾಗಿ ಮಾರ್ಪಡುವ ಕೆಲಸಕ್ಕೆ ಒಳಗಾಗಿದೆ. ಅದರ ಅಡಿಯ ಅಂಗಡಿಗಳು ಬದುಕಿದ್ದುದರಿಂದಲೇ ಅದರ ನೆತ್ತಿಗೆ ಎರಡನೆಯ ಬದುಕು ಸಾಧ್ಯವಾಯಿತು. ಚೆನ್ನೈನ ಮೇಲ್ಸೇತುವೆಗಳ ಅಡಿಯನ್ನು ಇದರೊಡನೆ ಹೋಲಿಸಿದರೆ ಕೊರತೆ ತಾನಾಗಿ ಕಾಣುತ್ತದೆ. ಅಲ್ಲಿ ನಿಂತ ವಾಹನ, ಬೇಲಿಯ ಒಳಗಿನ ತೋಟ, ನೆಲೆಯಿಲ್ಲದವನ ನಿದ್ದೆ ಇವಿಷ್ಟಕ್ಕೇ ಎಡೆ.

ತ್ಯಾಗರಾಯನಗರದಲ್ಲಿ ಮಾಂಬಲಂ ರೈಲು ನಿಲ್ದಾಣದಿಂದ ಬಸ್ ನಿಲ್ದಾಣದವರೆಗೆ ೨೦೨೩ರಲ್ಲಿ ತೆರೆದ ೫೭೦ ಮೀಟರ್ ಉದ್ದದ ಆಕಾಶಹಾದಿಯು ಕಾಲ್ನಡೆಯವನನ್ನೂ ಲೆಕ್ಕಕ್ಕೆ ತೆಗೆದುಕೊಂಡ ಪ್ರಯತ್ನವೆಂದು ಮೆಚ್ಚಬೇಕು. ಆದರೂ ನೆಲವನ್ನು ಗಾಡಿಗೆ ಬಿಟ್ಟು ಮನುಷ್ಯನನ್ನು ಮೇಲಕ್ಕೆ ಹತ್ತಿಸುವ ಕ್ರಮವು ಹಕ್ಕುದಾರನನ್ನು ಅತಿಥಿಯನ್ನಾಗಿಸುವ ಕ್ರಮ. ೨೦೧೯ರಲ್ಲಿ ಪಾಂಡಿ ಬಜಾರಿನಲ್ಲಿ ನೆಲದ ಮಟ್ಟದಲ್ಲಿಯೇ ಕಾಲುಹಾದಿಯನ್ನು ಅಗಲಗೊಳಿಸಿದುದು ಇದಕ್ಕಿಂತ ಸರಳವೂ ನ್ಯಾಯವೂ ಆದ ಉಪಾಯ.

೬

ಹಾಗಾದರೆ ಈ ಕಲ್ಪನೆಗಳನ್ನು ಅಳೆಯುವ ಕೋಲು ಯಾವುದು? ಅದನ್ನು ದೂರದಲ್ಲಿ ಹುಡುಕಬೇಕಾಗಿಲ್ಲ; ನುಂಗಂಬಾಕ್ಕಮಿನ ಆ ಬೀದಿಯ ಹೆಸರಿನಲ್ಲಿಯೇ ಅದು ದೊರೆಯುತ್ತದೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ಶಬ್ದಗಳ ನಿಷ್ಪತ್ತಿ ಏನೇ ಇರಲಿ, ಇಂದಿನ ಬಳಕೆಯಲ್ಲಿ ಒಂದೇ ಉಚ್ಚಾರವು ಒಂದು ನುಡಿಯಲ್ಲಿ ನೀರನ್ನೂ ಇನ್ನೊಂದರಲ್ಲಿ ನೀರನ್ನು ಹಿಡಿದ ದಿಣ್ಣೆಯನ್ನೂ ಸೂಚಿಸುತ್ತದೆ. ಎರಡು ನುಡಿಗಳ ನಡುವೆ ಬಾಳುವ ಹೊರನಾಡ ಕನ್ನಡಿಗನಿಗೆ ಈ ಎರಡು ಅರ್ಥಗಳೂ ಏಕಕಾಲದಲ್ಲಿ ಕೇಳಿಸುತ್ತವೆ. ಕೆರೆಯ ಏರಿಯೇ ಈ ನಾಡುಗಳ ಪ್ರಾಚೀನ ಬಹೂಪಯೋಗಿ ರಚನೆ. ಅದರ ಮೇಲೆ ಬಂಡಿ ಸಾಗುತ್ತಿತ್ತು, ಮರ ಬೆಳೆಯುತ್ತಿತ್ತು, ಗುಡಿಯಿರುತ್ತಿತ್ತು. ಅದರ ತೂಬಿನಿಂದ ಗದ್ದೆಗೆ ನೀರು ಹರಿಯುತ್ತಿತ್ತು. ಹೆಚ್ಚಾದ ನೀರು ಕೋಡಿಯಿಂದ ಮುಂದಿನ ಕೆರೆಗೆ ಹೋಗುತ್ತಿತ್ತು. ದಾರಿಯಾಗಿರುವುದು ಅದರ ಎರಡನೆಯ ಧರ್ಮ. ನೀರನ್ನು ಹಿಡಿಯುವುದು ಮೊದಲನೆಯದು. ಚೇಂಬ್ಲೆಸ್‌ನಿಂದ ರುಡಾಲ್ಫನವರೆಗಿನ ಕಲ್ಪನೆಗಳಲ್ಲಿ ಈ ಧರ್ಮಗಳ ಕ್ರಮವೇ ತಲೆಕೆಳಗಾಗಿದೆ: ಸಂಚಾರವು ಒಡೆಯ, ಉಳಿದುದೆಲ್ಲವೂ ಅದರ ಒಕ್ಕಲು.

ಪಾಲನೆಯ ವಿಚಾರದಲ್ಲಿಯೂ ಏರಿಯು ಪಾಠ ಹೇಳುತ್ತದೆ. ಕನ್ನಡ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ವು ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಸಲ್ಲುವ ಭೂಮಿಯ ಪಾಲು. ಹತ್ತನೆಯ ಶತಮಾನದ ಉತ್ತರಮೇರೂರಿನ ಶಾಸನಗಳಲ್ಲಿ ಕೆರೆಯನ್ನು ನೋಡಿಕೊಳ್ಳಲು ‘ಏರಿ ವಾರಿಯಂ’ ಎಂಬ ಸಮಿತಿಯೇ ಇತ್ತು. ಕಟ್ಟುವ ದಿನವೇ ಕಾಪಾಡುವ ಹಣದ ಮೂಲವನ್ನೂ ಕಾಪಾಡುವವರನ್ನೂ ಗೊತ್ತುಪಡಿಸುವ ವಿವೇಕವಿದು. ಇಂದಿನ ಸೇತುವೆಗೆ ಸಾಲವುಂಟು, ಗುತ್ತಿಗೆಯುಂಟು, ಉದ್ಘಾಟನೆಯುಂಟು, ಬಿತ್ತುವಟ್ಟವಿಲ್ಲ. ಗಿಂಜಾದ ಬಾಡಿಗೆಯು ಒಂದು ಬಗೆಯ ಬಿತ್ತುವಟ್ಟವೆಂದೇ ಹೇಳಬಹುದು.

ನೀರಿನ ಪ್ರಾಶಸ್ತ್ಯವನ್ನು ನುಂಗಂಬಾಕ್ಕಂ ಮರೆಯುವಂತೆಯೂ ಇಲ್ಲ. ೧೭೯೨ರ ಮದರಾಸು ವೀಕ್ಷಣಾಲಯದ ಪರಂಪರೆಯುಳ್ಳ ಹವಾಮಾನ ಕೇಂದ್ರವು ಇಲ್ಲಿಯೇ ಇದೆ. ನಗರದ ಮಳೆಯನ್ನು ಜನರು ನುಂಗಂಬಾಕ್ಕಮಿನ ಅಳತೆಯಿಂದಲೇ ಮಾತಾಡುತ್ತಾರೆ. ೨೦೧೫ರ ನವೆಂಬರ್ ಒಂದೇ ತಿಂಗಳಲ್ಲಿ ೧,೦೪೯ ಮಿಲಿಮೀಟರ್ ಮಳೆ ಬಿದ್ದಿತು. ಅದಕ್ಕೂ ಮಿಗಿಲಾದುದು ೧೯೧೮ರ ನವೆಂಬರಿನ ೧,೦೮೮ ಮಿಲಿಮೀಟರ್. ೧೯೧೮ರಲ್ಲಿ ಆ ನೀರನ್ನು ಹಿಡಿಯಲು ಉದ್ದನೆಯ ಕೆರೆ ಇದ್ದಿತು, ೨೦೧೫ರಲ್ಲಿ ಇರಲಿಲ್ಲ. ೨೦೨೩ರ ಮಿಚಾಂಗ್ ಚಂಡಮಾರುತದ ಕಹಿಯುಂಡ ವೇಳಚ್ಚೇರಿಯ ನಿವಾಸಿಗಳು ೨೦೨೪ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಬಂದೊಡನೆ ತಮ್ಮ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಯಾವ ವಾಸ್ತುಶಿಲ್ಪಿಯ ನಕ್ಷೆಯೂ ಇಲ್ಲದೆ ಜನರು ಹೆದ್ದಾರಿಯನ್ನು ಏರಿಯನ್ನಾಗಿ ಮಾಡಿಕೊಂಡರು. ಈ ಶತಮಾನದಲ್ಲಿ ಹೆದ್ದಾರಿಯ ಮರುಕಲ್ಪನೆಯು ಇದಕ್ಕಿಂತ ಪ್ರಾಮಾಣಿಕವಾಗಿ ಬೇರೆಲ್ಲಿಯೂ ನಡೆದಿಲ್ಲವೆನ್ನಬಹುದು. ಆದರೆ ಅಲ್ಲಿ ಪಾರಾದುದು ಕಾರು. ನೆಲಮಹಡಿಯ ಮನೆ ನೆಲದಲ್ಲಿಯೇ ಉಳಿಯಿತು.

೭

ಜೆಮಿನಿಯ ಸಂಧಿಯು ಈಗ ಮತ್ತೊಂದು ಮಾರ್ಪಾಟಿನ ಹೊಸ್ತಿಲಲ್ಲಿದೆ. ಮಾಧವರಂನಿಂದ ತೆಂಕಣಕ್ಕೆ ಹೋಗುವ ಮೆಟ್ರೋ ಎರಡನೆಯ ಹಂತದ ಮಾರ್ಗವು ನುಂಗಂಬಾಕ್ಕಂ, ಜೆಮಿನಿಗಳ ನೆಲದಡಿಯಲ್ಲಿ ನಿರ್ಮಾಣವಾಗುತ್ತಿದೆ. ಅಣ್ಣಾ ಸಾಲೈ ಮೇಲೆಯೇ ತೇನಾಂಪೇಟ್ಟೈನಿಂದ ಸೈದಾಪೇಟ್ಟೈವರೆಗೆ ೩.೨ ಕಿಲೋಮೀಟರ್ ಎತ್ತರದ ರಸ್ತೆಗೆ ೨೦೨೪ರಲ್ಲಿ ಅಡಿಗಲ್ಲು ಬಿದ್ದಿದೆ. ಒಂದೇ ಹಾದಿಯ ಅಡಿಯಲ್ಲಿ ಜನರನ್ನು ಕಾರಿನಿಂದ ಇಳಿಸುವ ಉಪಾಯ, ಅದರ ಮೇಲೆ ಕಾರಿಗೆ ಇನ್ನಷ್ಟು ಎಡೆ ಮಾಡುವ ಉಪಾಯ. ಎರಡಕ್ಕೂ ಸಾರ್ವಜನಿಕ ಹಣವೇ. ಇವು ಒಂದನ್ನೊಂದು ಪೂರೈಸುತ್ತವೆಯೇ, ರದ್ದುಗೊಳಿಸುತ್ತವೆಯೇ ಎಂಬ ಪ್ರಶ್ನೆಯನ್ನು ಒಂದೇ ಮೇಜಿನ ಮೇಲಿಟ್ಟು ಕೇಳುವುದು ಅವಶ್ಯ.

ಅರ್ಧ ಶತಮಾನವನ್ನು ದಾಟಿದ ಜೆಮಿನಿ ಸೇತುವೆಗೆ ಮುಂದೆ ಯಾರಾದರೂ ಭವಿಷ್ಯವನ್ನು ಬರೆಯುವುದಾದರೆ, ಆ ಚಿತ್ರದ ಅಂದವನ್ನು ನೋಡುವುದಕ್ಕೆ ಮೊದಲು ಮೂರು ಸಂಗತಿಗಳನ್ನು ವಿಚಾರಿಸುವುದು ಯುಕ್ತ. ಅದರ ಮೇಲೆ ಬಿದ್ದ ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ಅದರ ಅಡಿಯ ನೆರಳು ಯಾರಿಗೆ ಸಲ್ಲುತ್ತದೆ? ಐವತ್ತು ವರ್ಷಗಳ ಬಳಿಕ ಅದನ್ನು ಕಾಪಾಡುವ ಹಣ ಎಲ್ಲಿಂದ ಬರುತ್ತದೆ? ಮೊದಲನೆಯದಕ್ಕೆ ಕೆರೆಯೂ, ಎರಡನೆಯದಕ್ಕೆ ಡ್ರೈವ್-ಇನ್ನಿನ ಮರದ ನೆರಳೂ, ಮೂರನೆಯದಕ್ಕೆ ಶಾಸನಗಳ ಬಿತ್ತುವಟ್ಟವೂ ಹಿಂದೊಮ್ಮೆ ಉತ್ತರ ಕೊಟ್ಟಿದ್ದುವು. ಈ ಮೂರಕ್ಕೂ ಉತ್ತರವುಳ್ಳ ನಕ್ಷೆಯು ನೋಟಕ್ಕೆ ಸಾಮಾನ್ಯವಾಗಿ ಕಂಡರೂ ಅಂಗೀಕಾರಾರ್ಹ. ಉತ್ತರವಿಲ್ಲದುದು ಎಷ್ಟೇ ಮನೋಹರವಾಗಿದ್ದರೂ ಕೂವಂ ಹೊಳೆಯ ಆ ಅರ್ಧಕಂಬಗಳ ಸಾಲಿಗೇ ಸೇರತಕ್ಕದ್ದು.